ಹನ್ನೊಂದು ಸಲ ಮೂರನೇ ಕ್ಲಾಸು

ಶಾಲೆಗೆ ಟ್ಯಾಬ್ಲೆಟ್ಟುಗಳು ಬಂದವು. ವ್ಯಾನಿನಿಂದ ಇಳಿಸಿದವಳು ಆಯಾ. ತಲೆ ಮೇಲೆ ಹೊತ್ತು ಮೂರು ಮಹಡಿ ಹತ್ತಿಸಿದವಳು ಆಯಾ. ಮೂರನೇ ಕ್ಲಾಸಿನ ಕಬ್ಬಿಣದ ಬೀರುವಿನಲ್ಲಿ ಜೋಡಿಸಿಟ್ಟವಳೂ ಆಯಾ. ರಿಬ್ಬನ್ ಕತ್ತರಿಸಿದವರು ಮಾತ್ರ ಹೆಡ್ ಮೇಡಂ. ಕತ್ತರಿ ಹಿಡಿದಿದ್ದಕ್ಕೇ ಅವರಿಗೆ ಸುಸ್ತಾಯಿತು. ಕುರ್ಚಿ ತರಿಸಿಕೊಂಡರು. ಕುರ್ಚಿ ತಂದವಳೂ ಆಯಾ.

ಕ್ಲಾಸಿನಲ್ಲಿ ನಲವತ್ತಮೂರು ಮಕ್ಕಳು. ಬಂದದ್ದು ನಲವತ್ತಮೂರು ಟ್ಯಾಬ್ಲೆಟ್ಟು. ಒಂದೊಂದರ ಬೆನ್ನಿಗೂ ಒಂದೊಂದು ಮಗುವಿನ ಹಾಜರಿ ಸಂಖ್ಯೆಯ ಚೀಟಿ ಅಂಟಿಸಿತ್ತು. ಕಳಿಸಿದವರಿಗೆ ಲೆಕ್ಕ ಬರುತ್ತಿತ್ತು. ಲೆಕ್ಕ ಮರೆತುಹೋದದ್ದು ಹಂಚುವವರಿಗೆ.

ಮೂವತ್ತೆರಡು ಹಂಚಿದ ಮೇಲೆ ಹೆಡ್ ಮೇಡಂ ಕೈ ನಿಂತಿತು. ಬೆಂಚುಗಳು ಮುಗಿದಿದ್ದವು. ಬೆಂಚಿನ ಆಚೆ, ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಹನ್ನೊಂದು ಮಕ್ಕಳು ಕುಳಿತಿದ್ದರು. ಶಾಲೆಯಲ್ಲಿ ಅವರಿಗೆ 'ಗುಡ್ಡೆ ಮಕ್ಕಳು' ಎಂದು ಹೆಸರು. ಊರಿನ ಕಸವೆಲ್ಲ ಹೋಗಿ ಬೀಳುವ ಗುಡ್ಡೆಯ ಬುಡದಲ್ಲಿ ಅವರ ಮನೆಗಳು. ಅಪ್ಪಂದಿರು ಕಸದ ಲಾರಿಗೆ ನೇತುಬಿದ್ದು ಹೋಗುವವರು. ಅಮ್ಮಂದಿರು ಗುಡ್ಡೆ ಹತ್ತಿ ಪ್ಲಾಸ್ಟಿಕ್ಕು, ತಗಡು, ವೈರು ಬೇರೆ ಬೇರೆ ಮಾಡುವವರು. ಆ ಹನ್ನೊಂದರಲ್ಲಿ ಒಬ್ಬಳು ಆಯಾಳ ಮಗಳು. ಬಾಯಿ ಒಂದು ಗಳಿಗೆ ನಿಲ್ಲುವುದಿಲ್ಲವಾದ್ದರಿಂದ ಎಲ್ಲರೂ ಅವಳನ್ನು ಗಿಲಕಿ ಎಂದು ಕರೆಯುತ್ತಿದ್ದರು. ಹಾಜರಿ ಸಂಖ್ಯೆ ಮೂವತ್ತೆಂಟು.

"ಇವರಿಗೆ ಆಮೇಲೆ ನೋಡೋಣ," ಎಂದರು ಹೆಡ್ ಮೇಡಂ. "ಗಾಜಿನ ಸಾಮಾನು. ಮನೆಗೆ ಹೋಗಿ ಗುಡ್ಡೆ ಕೆದಕೋ ಕೈಗಳು. ಏನಂತೀರಾ ಮೇಷ್ಟ್ರೇ?"

ಮೂರನೇ ಕ್ಲಾಸಿನ ಮೇಷ್ಟ್ರು ತಮ್ಮ ಬೂಟು ನೋಡಿಕೊಂಡು "ಹೌದು ಮೇಡಂ" ಎಂದರು. ಮೇಷ್ಟ್ರು ಎಲ್ಲದಕ್ಕೂ ಹಾಗೆಯೇ. ಅವರ ಬೂಟಿನಷ್ಟು ಹೆಚ್ಚು ನೋಟಕ್ಕೆ ಸಿಕ್ಕಿದ ಬೂಟು ಇನ್ನೊಂದಿಲ್ಲ.

ಹಾಗಂತ ಗುಡ್ಡೆ ಮಕ್ಕಳನ್ನು ಹೊರಗಿಟ್ಟರು ಎಂದು ಯಾರೂ ಹೇಳುವಂತಿರಲಿಲ್ಲ. ಅವರಿಗೂ ಕೆಲಸ ಕೊಟ್ಟಿದ್ದರು. ಪೀರಿಯಡ್ಡಿಗೆ ಮೊದಲು ಬೀರುವಿನಿಂದ ಮೂವತ್ತೆರಡು ಟ್ಯಾಬ್ಲೆಟ್ಟು ತಂದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಕಲೆ ನೋಡಿ, ಬೆಂಚಿನ ಮಕ್ಕಳಿಗೆ ಎರಡೂ ಕೈಯಲ್ಲಿ ಕೊಡಬೇಕು. ಮುಗಿದ ಮೇಲೆ ವಾಪಸ್ ಇಸ್ಕೊಂಡು ಮತ್ತೆ ಒರೆಸಿ ಇಡಬೇಕು. ನಡುವಿನ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಒರೆಸುವಾಗ ಕೊಳೆಯಾಗದ ಕೈ ಬೆರಳಿಟ್ಟರೆ ಮಾತ್ರ ಹೇಗೆ ಕೊಳೆಯಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳುವ ಬಾಯಿಗಳು ಬೆಂಚಿನ ಮೇಲಿದ್ದವು. ಅವಕ್ಕೆ ಕೇಳುವ ಅಗತ್ಯವಿರಲಿಲ್ಲ.

ತಮಾಷೆ ಏನೆಂದರೆ, ಆ ಕ್ಲಾಸಿನಲ್ಲಿ ಟ್ಯಾಬ್ಲೆಟ್ಟಿನ ಹೊಟ್ಟೆಯೊಳಗೆ ಏನೇನಿದೆ ಎಂದು ಗೊತ್ತಿದ್ದದ್ದು ಆ ಹನ್ನೊಂದು ಮಕ್ಕಳಿಗೆ ಮಾತ್ರ. ಊರಿನವರು ಎಸೆದ ಟ್ಯಾಬ್ಲೆಟ್ಟು, ಫೋನು ಎಲ್ಲ ಬರುವುದು ಗುಡ್ಡೆಗೇ. ಯಾವ ಸ್ಕ್ರೂ ಮೊದಲು ಬಿಚ್ಚಬೇಕು, ಬ್ಯಾಟರಿ ಎಲ್ಲಿ ಊದಿಕೊಳ್ಳುತ್ತದೆ, ತಾಮ್ರ ಎಲ್ಲಿ ಅಡಗಿರುತ್ತದೆ, ಎಲ್ಲ ಅವರ ಬೆರಳಿಗೆ ಗೊತ್ತು. ಜೀವ ಇರುವ ಟ್ಯಾಬ್ಲೆಟ್ಟು ಮಾತ್ರ ಅವರ ಪಾಲಿಗೆ ಬಂದಿರಲಿಲ್ಲ. ಸತ್ತ ಮೇಲೆ ಬರುತ್ತಿತ್ತು.

ಗಿಲಕಿ ಒಂದು ಸಲ ಒರೆಸುತ್ತಾ ಒರೆಸುತ್ತಾ ಒಂದು ಬೆರಳು ಇಟ್ಟುಬಿಟ್ಟಳು. ಪರದೆ ಬೆಳಗಿತು. ಕನ್ನಡಕ ಹಾಕಿಕೊಂಡ ಕಪ್ಪೆಯೊಂದು ಜಿಗಿದು "ಬಾ ಪುಟಾಣಿ, ಆಡೋಣ!" ಎಂದಿತು. ಪಾಠ ಹೇಳುವ ಆ್ಯಪಿನ ಕಪ್ಪೆ ಅದು. ಬೆಂಚಿನಿಂದ ಯಾರೋ "ಮೇಡಂ, ಮುಟ್ಟಿದ್ಳು!" ಎಂದು ಕೂಗಿದರು. ಹೆಡ್ ಮೇಡಂ ಸ್ಯಾನಿಟೈಸರ್ ಬಾಟಲಿ ಹಿಡಿದು ಬಂದರು. ಮೊದಲು ಟ್ಯಾಬ್ಲೆಟ್ಟಿಗೆ ಹೊಡೆದರು. ಆಮೇಲೆ ಬೆರಳಿಗೆ. ಆ ಬೆರಳಿನಲ್ಲಿ ತಗಡು ಗೀರಿದ ಗಾಯವಿತ್ತು. ಗಿಲಕಿ ಅಳಲಿಲ್ಲ. ಅಂದು ಇಡೀ ದಿನ ಮಾತಾಡಲಿಲ್ಲ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಆಯಾ ಅದನ್ನು ನೋಡಿದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಅವಳು ಆ ಶಾಲೆಗೆ ಸೇರಿ ಒಂಬತ್ತು ವರ್ಷ. ಇನ್ನೂ ದಿನಗೂಲಿ. ಕಾಯಂ ಮಾಡುವ ಕಾಗದ ಹೆಡ್ ಮೇಡಂ ಮೇಜಿನ ಡ್ರಾಯರಿನಲ್ಲಿ ಮೊಟ್ಟೆಗೆ ಕೂತ ಕೋಳಿಯ ಹಾಗೆ ಕೂತಿತ್ತು.

ಎರಡು ವಾರಕ್ಕೆ ಮೇಲಿನಿಂದ ಓಲೆ ಬಂತು. ಪ್ರತಿ ಮಗುವೂ ದಿನಕ್ಕೆ ನಲವತ್ತು ನಿಮಿಷ ಆ್ಯಪು ಬಳಸಲೇಬೇಕು. ಬಳಸಿದರೆ ಆಫೀಸಿನ ನಕ್ಷೆಯಲ್ಲಿ ಆ ಮಗುವಿನ ಹೆಸರಿಗೆ ಹಸಿರು ಚುಕ್ಕಿ. ಇಲ್ಲದಿದ್ದರೆ ಕೆಂಪು. ನಿಮ್ಮ ಶಾಲೆಯಲ್ಲಿ ಹನ್ನೊಂದು ಕೆಂಪು ಏಕೆ?

ಹೆಡ್ ಮೇಡಂ ಆಯಾಳನ್ನು ಕರೆದರು. ಧ್ವನಿ ಬೆಣ್ಣೆಯಾಗಿತ್ತು.

"ನೋಡಮ್ಮಾ, ಸಂಜೆ ಚಾರ್ಜಿಗೆ ಹಾಕೋಳು ನೀನೇ ಅಲ್ವಾ. ಹಾಕೋಕ್ ಮುಂಚೆ ಆ ಹನ್ನೊಂದನ್ನ ನಲವತ್ತು ನಿಮಿಷ ಆನ್ ಮಾಡಿಟ್ಟು ಎಲ್ಲಾದ್ರೂ ಒತ್ತುತಾ ಇರು."

"ಏನು ಒತ್ಲಿ ಮೇಡಂ?"

"ಏನಾದ್ರೂ. ಒಂದು ನಿಮಿಷ ಮುಟ್ಟದಿದ್ರೆ ಕಪ್ಪೆ ನಿದ್ದೆ ಹೋಗುತ್ತಂತೆ. ನಿದ್ದೆ ಹೋಗದ ಹಾಗೆ ನೋಡ್ಕೋ ಸಾಕು."

"ಮಕ್ಕಳನ್ನೇ ಕೂರಿಸ್ಕೊಂಡ್ರೆ..."

ಬೆಣ್ಣೆ ಗಟ್ಟಿಯಾಯಿತು. "ಆ ಮಕ್ಕಳ ಬೆರಳು ಬಿತ್ತು ಅಂತ ಗೊತ್ತಾದ್ರೆ ನಿನ್ನ ಕಾಗದ ಹರಿದು ಹಾಕ್ತೀನಿ. ಬೀರು ಕೀ ನಿನ್ನ ಹತ್ರಾನೇ ಇರಲಿ. ನೀನೊಬ್ಬಳೇ."

ಕೀ ಅವಳ ಸೊಂಟಕ್ಕೆ ಬಂತು.

ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕಿಕೊಂಡು ಹನ್ನೊಂದು ಟ್ಯಾಬ್ಲೆಟ್ಟನ್ನು ನೆಲದ ಮೇಲೆ ಸಾಲಾಗಿ ಇಟ್ಟಳು. ಕುಕ್ಕರುಗಾಲಿನಲ್ಲಿ ಕೂತು ಮೊದಲನೆಯದನ್ನು ಒತ್ತಿದಳು. ಸರಿದಳು. ಎರಡನೆಯದು. ಸರಿದಳು. ನೆಲ ಒರೆಸುವಾಗ ಹೇಗೋ ಹಾಗೆ. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಆಕಳಿಸುತ್ತಿತ್ತು. ಓಡಿ ಬಂದು ಮತ್ತೆ ಒತ್ತಬೇಕು. ದಿನವಿಡೀ ಮೂರು ಮಹಡಿಯ ಮೆಟ್ಟಿಲು ತೊಳೆದ ಮೊಣಕಾಲುಗಳು ಲಟಲಟ ಎನ್ನುತ್ತಿದ್ದವು.

ಎಲ್ಲೆಂದರಲ್ಲಿ ಒತ್ತಿದಾಗ ಕಪ್ಪೆ ಅತ್ತಿತು. "ಅಯ್ಯೋ! ತಪ್ಪಾಯ್ತು ಪುಟಾಣಿ. ಮತ್ತೆ ಪ್ರಯತ್ನಿಸು." ಹನ್ನೊಂದು ಕಪ್ಪೆ. ಹನ್ನೊಂದು ಅಳು. ಸಾವಿನ ಮನೆಯಾಯಿತು ಕ್ಲಾಸು.

ಆಯಾಳಲ್ಲಿ ಒಂದು ದೋಷವಿತ್ತು. ಯಾವ ಕೆಲಸವನ್ನೂ ಕಾಟಾಚಾರಕ್ಕೆ ಮಾಡಲು ಅವಳಿಗೆ ಬರುತ್ತಿರಲಿಲ್ಲ. ಒಂದು ಕಲೆ ಉಳಿದರೂ ಬಕೆಟ್ ಹಿಡಿದು ವಾಪಸ್ ಬರುವವಳು. ಕಪ್ಪೆಯ ಅಳು ಅವಳಿಗೆ ಕಲೆಯ ಹಾಗೆ ಕಂಡಿತು. ಚಿಕ್ಕಂದಿನಲ್ಲಿ ಎರಡು ವರ್ಷ ಶಾಲೆಗೆ ಹೋಗಿ ಕಲಿತಿದ್ದ ಅಕ್ಷರಗಳನ್ನು ಒಂದೊಂದಾಗಿ ಕೆದಕಿ ತೆಗೆದಳು. ಕಪ್ಪೆ ಹೇಳಿದ್ದನ್ನು ಕಿವಿಗೊಟ್ಟು ಕೇಳಿದಳು. ಹನ್ನೆರಡು ಸೇಬು, ನಾಲ್ಕು ಬುಟ್ಟಿ, ಸಮವಾಗಿ ಎಳೆದು ಹಾಕು. ಒಂದೊಂದೇ ಸೇಬು ಎಳೆದು ಹಾಕಿದಳು.

"ಭೇಷ್ ಪುಟಾಣಿ! ನಿನ್ನಂಥ ಜಾಣರು ಇನ್ನಿಲ್ಲ!"

ಆಯಾ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಕಪ್ಪೆ ಹೇಳಿದ್ದು ಅವಳಿಗೇ. ನಲವತ್ತು ದಾಟಿದ ಮೇಲೆ, ಒಂದು ಕಪ್ಪೆಯ ಬಾಯಿಂದ. "ಹೋಗೋ ಮುಸುಡಿ," ಎಂದು ಕಪ್ಪೆಯನ್ನು ಬೈದು, ಸರಿದು, ಎರಡನೆಯ ಕಪ್ಪೆಯಿಂದಲೂ ಅದನ್ನೇ ಹೇಳಿಸಿಕೊಂಡಳು. ಹನ್ನೊಂದು ಸಲ.

ಕಳ್ಳಗೆಲಸವನ್ನೂ ಅಷ್ಟು ಚೊಕ್ಕಟವಾಗಿ ಮಾಡಬಾರದಿತ್ತು.

ಗಿಲಕಿ ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ದಿನವೂ ಒಂದೇ ಪ್ರಶ್ನೆ.

"ಅಮ್ಮಾ, ಇವತ್ತು ನಾನು ಏನು ಕಲಿತೆ?"

"ಭಾಗಾಕಾರ."

"ಎಲ್ಲಾ ಸರಿ ಮಾಡಿದ್ನಾ?"

"ಒಂದು ತಪ್ಪಾಯ್ತು. ಆಮೇಲೆ ಸರಿ ಮಾಡಿದೆ."

"ನಾನು ಜಾಣೆ ಅಲ್ವಾ ಅಮ್ಮಾ?"

"ಬಾಯಿ ಮುಚ್ಚು, ಲಾರಿ ಬರ್ತಿದೆ."

ಮೊದಮೊದಲು ಆಯಾಗೆ ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ಗುಡ್ಡೆಯ ಬುಡ ತಲುಪಿದ ಮೇಲೆ ಬಾಟಲಿ ಮುಚ್ಚಳಗಳನ್ನು ಸುರಿದುಕೊಂಡು ಕಪ್ಪೆ ಕಲಿಸಿದ್ದನ್ನು ಮಗಳಿಗೆ ಕಲಿಸಿದಳು. ಅಕ್ಕಪಕ್ಕದ ಹತ್ತೂ ಮಕ್ಕಳು ಬಂದು ಕೂತರು. ತಪ್ಪು ಹೇಳಿದವರಿಗೆ ಗಿಲಕಿ ಮೂಗು ಹಿಡಿದು ಕಪ್ಪೆಯ ದನಿಯಲ್ಲಿ "ಅಯ್ಯೋ! ತಪ್ಪಾಯ್ತು ಪುಟಾಣಿ" ಎನ್ನುತ್ತಿದ್ದಳು.

ಮೂರು ತಿಂಗಳು ಕಳೆಯಿತು. ಮೇಲಿನಿಂದ ಇನ್ನೊಂದು ಓಲೆ. ವಲಯದಲ್ಲೇ ನಿಮ್ಮ ಮೂರನೇ ಕ್ಲಾಸು ಮೊದಲು. ಅಧಿಕಾರಿಗಳು ಖುದ್ದಾಗಿ ಬಂದು ಮೊದಲ ಸ್ಥಾನದ ಮಗುವಿಗೆ ಪ್ರಶಸ್ತಿ ಕೊಡುತ್ತಾರೆ. ಹೆಡ್ ಮೇಡಂ ಹೊಸ ಸೀರೆ ಉಟ್ಟರು. ನಿಮಿಷ ತುಂಬಿತೇ ಎಂದು ಅವರು ದಿನವೂ ನೋಡಿದ್ದರು. ಅಂಕ ಒಂದು ದಿನವೂ ನೋಡಿರಲಿಲ್ಲ. ಮೊದಲ ಸ್ಥಾನ ಮುಂದಿನ ಬೆಂಚಿನದೇ ಎಂದುಕೊಂಡು ಆ ಬೆಂಚಿನ ಮಕ್ಕಳಿಗೆಲ್ಲ ತಲೆ ಬಾಚಿಸಿದರು. ಗುಡ್ಡೆ ಮಕ್ಕಳನ್ನು ಹೊರಗೆ ಚಪ್ಪಲಿ ಜೋಡಿಸಲು ಕಳಿಸಿದರು.

"ನಿನ್ನ ಕಾಗದ ನಿನ್ನೆನೇ ಆಫೀಸಿಗೆ ಕಳ್ಸಿ ಸಾಹೇಬ್ರ ಬ್ಯಾಗಿನಲ್ಲಿ ಇಡಿಸಿದೀನಿ," ಎಂದರು ಆಯಾಗೆ. "ನೀರು ಕೊಡು. ಬಾಯಿ ಬಿಡಬೇಡ. ಇವತ್ತೇ ಸೈನ್ ಆಗುತ್ತೆ."

ಅಧಿಕಾರಿ ಬಂದರು. ಅವರ ಹೊಟ್ಟೆ ಒಂದು ಹೆಜ್ಜೆ ಮುಂದೆ ಬಂತು. ಕೈಯಲ್ಲಿ ದೊಡ್ಡದೊಂದು ಟ್ಯಾಬ್ಲೆಟ್ಟು, ಅದರ ತುಂಬ ಹಸಿರು ಚುಕ್ಕಿ. ಉತ್ತರ ತಪ್ಪಿದರೂ ಅಂದಿನ ಚುಕ್ಕಿ ಕೆಂಪಾಗುವ ಹಾಗೆ ಈಚೆಗೆ ಬದಲಿಸಿದ್ದರು. "ಹಸಿರು! ಎಲ್ಲಿ ನೋಡಿದ್ರೂ ಹಸಿರು!" ಎಂದು ಅವರು ಕಾಡು ನೆಟ್ಟವರ ಹಾಗೆ ಹಿಗ್ಗಿದರು. "ಎಲ್ಲಿ, ನಮ್ಮ ಮೂವತ್ತೆಂಟು ಎಲ್ಲಿ? ನೂರಕ್ಕೆ ನೂರು! ಎರಡನೇ ಸ್ಥಾನದಿಂದ ಹನ್ನೊಂದರವರೆಗೂ ಭಾರೀ ಪೈಪೋಟಿ!"

ಹೆಡ್ ಮೇಡಂ ಹಾಜರಿ ಪುಸ್ತಕ ತೆಗೆದರು. ಮೂವತ್ತೆಂಟು ನೋಡಿದರು. ಮುಖದ ಪೌಡರು ಬಿರುಕು ಬಿಟ್ಟಿತು. "ಆ ಮಗು ಇವತ್ತು ಬಂದಿಲ್ಲ ಸಾರ್."

"ಬಂದಿದ್ದಾಳೆ ಸಾರ್!" ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಸತ್ಯ ಹೇಳಬೇಕೆಂದು ಅವನಿಗೆ ಆ ಬೆಳಿಗ್ಗೆಯೇ ಪಾಠವಾಗಿತ್ತು. "ಹೊರಗೆ ನಿಮ್ಮ ಬೂಟು ಒರೆಸ್ತಿದ್ದಾಳೆ ಸಾರ್."

ಗಿಲಕಿಯನ್ನು ಕರೆತಂದರು. ಹಿಂದೆಯೇ ಉಳಿದ ಹತ್ತು ಮಕ್ಕಳೂ ಬಾಗಿಲಲ್ಲಿ ಇಣುಕಿದರು. ಅಧಿಕಾರಿ ಗಿಲಕಿಯ ತಲೆ ಸವರಲು ಕೈ ಎತ್ತಿ, ತಲೆ ನೋಡಿ, ಕೈ ಇಳಿಸಿಕೊಂಡರು.

"ನಲವತ್ತೆಂಟು ಸೇಬು, ಆರು ಬುಟ್ಟಿ. ಒಂದು ಬುಟ್ಟಿಗೆ ಎಷ್ಟಮ್ಮಾ?"

"ಎಂಟು," ಎಂದಳು ಗಿಲಕಿ. "ಐವತ್ತಿದ್ರೆ ಎರಡು ಉಳಿಯುತ್ತೆ. ಅವನ್ನ ನಾನು ತಿಂತೀನಿ."

ಮಕ್ಕಳು ನಕ್ಕರು. ಅಧಿಕಾರಿ ನಗಲಿಲ್ಲ. "ಬಾಯಲ್ಲಿ ಹೇಳಿದ್ರೆ ಸಿಸ್ಟಮ್ಮಿಗೆ ಹೋಗಲ್ಲ. ತಗೋ, ಇದ್ರಲ್ಲಿ ಮಾಡಿ ತೋರ್ಸು. ಫೋಟೋ ತಗೊಳ್ಳಿ ಯಾರಾದ್ರೂ."

ಬೀರುವಿನಿಂದ ತರಿಸಿದ್ದ ಮೂವತ್ತೆಂಟನೇ ನಂಬರಿನ ಟ್ಯಾಬ್ಲೆಟ್ಟು ಮೊದಲ ಸಲ ಮೂವತ್ತೆಂಟನೇ ನಂಬರಿನ ಮಗುವಿನ ಕೈಗೆ ಬಂತು.

ಗಿಲಕಿ ಅದನ್ನು ತಿರುಗಿಸಿ ನೋಡಿದಳು. ಫ್ರಾಕಿನ ಅಂಚು ಹಿಡಿದು ಒರೆಸಿದಳು. ಮೂಲೆಗೆ ಬಾಯಿಂದ ಹಬೆ ಊದಿ ಮತ್ತೆ ಒರೆಸಿದಳು. ಕಿಟಕಿಯ ಬೆಳಕಿಗೆ ಹಿಡಿದು ಕಲೆ ಇದೆಯಾ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಮುಂದೆ ಚಾಚಿದಳು.

"ಕ್ಲೀನ್ ಆಯ್ತು ಸಾರ್. ಯಾರಿಗೆ ಕೊಡ್ಲಿ?"

ಫೋಟೋ ತೆಗೆಯುತ್ತಿದ್ದ ಮೇಷ್ಟ್ರ ಕೈ ಕೆಳಗಿಳಿಯಿತು. ಮತ್ತೆ ಬೂಟು ನೋಡಿಕೊಳ್ಳಲು ಹೋದರು, ಆ ದಿನ ಬೂಟೂ ಇರಲಿಲ್ಲ, ಹೊರಗೆ ಬಿಟ್ಟಿದ್ದರು. ಕಾಲ್ಚೀಲದ ತೂತಿನಿಂದ ಹೆಬ್ಬೆರಳು ಅವರನ್ನೇ ನೋಡುತ್ತಿತ್ತು.

"ಏನ್ರೀ ಇದು?" ಎಂದರು ಅಧಿಕಾರಿ. "ಇವಳಿಗೆ ಆನ್ ಮಾಡೋಕೂ ಬರಲ್ಲ. ನೂರಕ್ಕೆ ನೂರು ಹೇಗೆ ಬಂತು? ಅದೂ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ!"

ಹೆಡ್ ಮೇಡಂ ತಡವರಿಸಲಿಲ್ಲ. "ಕಳ್ಳಿ ಸಾರ್ ಇವಳು. ನಮ್ಮ ಆಯಾನ ಮಗಳು. ಸಂಜೆ ಅಮ್ಮನ ಸೊಂಟದಿಂದ ಕೀ ಎಗರಿಸಿ ಟ್ಯಾಬು ಕದ್ದು, ಯಾರ ಕೈಲೋ ಮಾಡಿಸಿರ್ತಾಳೆ. ಗುಡ್ಡೆ ಬುದ್ಧಿ. ನಾಳೆನೇ ಹೆಸರು ಹೊಡೆದು ಹಾಕ್ತೀನಿ."

ಗಿಲಕಿ ಅಮ್ಮನನ್ನು ನೋಡಿದಳು. ಸ್ಯಾನಿಟೈಸರ್ ಬಿದ್ದ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಆಯಾ ನೀರಿನ ತಟ್ಟೆ ಹಿಡಿದು ಬಾಗಿಲ ಪಕ್ಕ ನಿಂತಿದ್ದಳು. ತಟ್ಟೆಯನ್ನು ಹೆಡ್ ಮೇಡಂ ಮುಂದಿದ್ದ ಮೇಜಿನ ಮೇಲೆ ಕುಕ್ಕಿದಳು. ಲೋಟಗಳು ಮಗುಚಿ ಹಾಜರಿ ಪುಸ್ತಕ ನೆನೆಯಿತು. ಅವಳ ಕೈಯಿಂದ ಒಂಬತ್ತು ವರ್ಷದಲ್ಲಿ ಚೆಲ್ಲಿದ ಮೊದಲ ನೀರು ಅದು.

"ನನ್ನ ಮಗಳನ್ನ ಕಳ್ಳಿ ಅನ್ಬೇಡಿ. ಒತ್ತಿದ್ದು ನಾನು. ಒತ್ತು ಅಂದಿದ್ದು ನೀವು."

"ಏಯ್, ಕಾಗದ ನೆನಪಿದೆಯಾ?"

"ಇದೆ. ಒಂಬತ್ತು ವರ್ಷದಿಂದ ಅದೊಂದೇ ನೆನಪಿರೋದು." ಅಧಿಕಾರಿಯ ಕಡೆ ತಿರುಗಿದಳು. "ಸಾರ್, ಈ ಹನ್ನೊಂದು ಮಕ್ಕಳ ಬೆರಳು ಇವಕ್ಕೆ ತಾಗೇ ಇಲ್ಲ. ತಾಗಬಾರದಂತೆ. ಕೊಳೆಯಂತೆ. ದಿನಾ ಸಂಜೆ ನೆಲದ ಮೇಲೆ ಹರಡ್ಕೊಂಡು ಹನ್ನೊಂದನ್ನೂ ನಾನೇ ಮಾಡಿದೀನಿ. ನಿಮ್ಮ ಹಸಿರು ಚುಕ್ಕಿ ಇದೆಯಲ್ಲ, ಅದರಲ್ಲಿ ಹನ್ನೊಂದು ನನ್ನ ಮೊಣಕಾಲು."

"ನೀನಾ? ನೀನು ಮೂರನೇ ಕ್ಲಾಸಿನ ಲೆಕ್ಕ ಮಾಡಿದ್ಯಾ?"

"ಹನ್ನೊಂದು ಸಲ ಪಾಸು ಮಾಡಿದೀನಿ ಸಾರ್ ಮೂರನೇ ಕ್ಲಾಸು. ನಂಬಿಕೆ ಇಲ್ವಾ? ಕೇಳಿ." ಕೇಳುವವರೆಗೂ ಅವಳು ಕಾಯಲಿಲ್ಲ. "ಬೇಡ, ನಾನೇ ಕೇಳ್ತೀನಿ. ಮೇಡಂ, ನಲವತ್ತಮೂರು ಟ್ಯಾಬು, ನಲವತ್ತಮೂರು ಮಕ್ಕಳು. ಒಬ್ಬರಿಗೆ ಎಷ್ಟು?"

ಹೆಡ್ ಮೇಡಂ ನೆನೆದ ಹಾಜರಿ ಪುಸ್ತಕವನ್ನು ಸೆರಗಿನಿಂದ ಒರೆಸತೊಡಗಿದರು.

"ಅಯ್ಯೋ! ತಪ್ಪಾಯ್ತು ಪುಟಾಣಿ," ಎಂದಳು ಆಯಾ. "ಮತ್ತೆ ಪ್ರಯತ್ನಿಸು."

ಬಾಗಿಲಲ್ಲಿದ್ದ ಹತ್ತು ಮಕ್ಕಳು ಕಿಸಕ್ಕೆಂದರು. ಬೆಂಚಿನ ಮೇಲೂ ನಗು ಹರಿಯಿತು. ಅಧಿಕಾರಿ ಎರಡೂ ಕೈ ಎತ್ತಿದರು. ಇಂಥ ಗಲಾಟೆ ಅವರಿಗೆ ಹೊಸದಲ್ಲ.

"ಆಯ್ತು, ಆಯ್ತು. ನೋಡಮ್ಮಾ, ಮೇಲಕ್ಕೆ ಹೋದ ಅಂಕ ಕೆಳಕ್ಕೆ ಬರಲ್ಲ. ಯಾರು ಒತ್ತಿದ್ರೆ ಏನು, ಹಸಿರು ಹಸಿರೇ. ಮಗು ಪ್ರಶಸ್ತಿ ಹಿಡ್ಕೊಳ್ಳಲಿ, ಒಂದು ಫೋಟೋ ಆಗಲಿ. ಕಳ್ಳಿ ಮಾತು ಇಲ್ಲಿಗೇ ಬಿಟ್ಟುಬಿಡೋಣ. ನಿನ್ನ ಕಾಗದಕ್ಕೆ ಇಲ್ಲೇ ಸೈನ್ ಹಾಕ್ತೀನಿ. ಸಂಜೆ ಕೆಲಸ ಹೇಗೆ ನಡೀತಿತ್ತೋ ಹಾಗೇ ನಡೀಲಿ."

ಬ್ಯಾಗಿನಿಂದ ಕಾಗದ ಬಂತು. ಪೆನ್ನಿನ ಮುಚ್ಚಳ ತೆರೆಯಿತು. ಪ್ರಶಸ್ತಿಯ ದಪ್ಪ ಹಾಳೆ ಗಿಲಕಿಯ ಕೈಗೆ ಬಂತು. ಬಂಗಾರದ ಬಣ್ಣದ ಅಂಚು, ನಡುವೆ ನಗುವ ಕಪ್ಪೆ.

ಆಯಾ ಪೆನ್ನನ್ನು ನೋಡಿದಳು. ಒಂದು ಗೀಟು ಎಳೆದರೆ ಸಾಕು. ಕಾಯಿಲೆ ಬಿದ್ದ ದಿನ ಮಲಗಬಹುದು. ಬೇಸಿಗೆ ರಜೆಯಲ್ಲಿ ಗುಡ್ಡೆ ಹತ್ತುವುದು ತಪ್ಪುತ್ತದೆ.

"ಅಮ್ಮಾ," ಎಂದಳು ಗಿಲಕಿ, ಹಾಳೆಯ ಮೇಲಿಂದ ಕಣ್ಣು ಎತ್ತದೆ. "ನಾನು ಏನು ಮಾಡಿದೆ ಅಂತ ಇದು?"

ದಿನವೂ ಕೇಳುವ ಪ್ರಶ್ನೆಯೇ. ದಿನವೂ ಅದಕ್ಕೊಂದು ಉತ್ತರವಿತ್ತು. ಗುಣಾಕಾರ, ಭಾಗಾಕಾರ, ಒತ್ತಕ್ಷರ. ಇಂದು ಇರಲಿಲ್ಲ.

"ಏನೂ ಮಾಡಿಲ್ಲ ಕಂದಾ," ಎಂದಳು ಆಯಾ. "ಮಾಡೋಕೆ ಬಿಟ್ಟಿಲ್ಲ." ಹಾಳೆಯನ್ನು ಮಗಳ ಕೈಯಿಂದ ತೆಗೆದು ಮೇಜಿನ ಮೇಲಿನ ನೀರಿನ ಮೇಲೆ ಹಾಸಿದಳು. ಕಪ್ಪೆ ನೆನೆಯಿತು. "ಪೆನ್ನು ಮುಚ್ಚಿ ಸಾರ್. ಮಸಿ ಒಣಗುತ್ತೆ."

ಸೊಂಟದಿಂದ ಕೀ ತೆಗೆದು ಬೀರುವಿನ ಕಡೆ ನಡೆದಳು. ಹೆಡ್ ಮೇಡಂ ಅಡ್ಡ ಬಂದರು.

"ಕೊಡು ಕೀ."

"ಕೊಡಲ್ಲ."

"ನಾಳೆಯಿಂದ ಈ ಶಾಲೆ ಮೆಟ್ಟಿಲು ಹತ್ತಬೇಡ!"

"ಹತ್ತಲ್ಲ. ತೊಳೆಯೋದೂ ಇಲ್ಲ. ನೀವೇ ತೊಳ್ಕೊಳ್ಳಿ. ಈಗ ಪಕ್ಕಕ್ಕೆ ಸರೀರಿ, ಇವತ್ತಿನ ನಲವತ್ತು ನಿಮಿಷ ಬಾಕಿ ಇದೆ."

ಹೊಸ ಸೀರೆಯ ಪಕ್ಕದಿಂದ ಭುಜ ತೂರಿಸಿ ಬೀರು ತೆರೆದಳು. ಹತ್ತು ಟ್ಯಾಬ್ಲೆಟ್ಟು ತೋಳಿನ ಮೇಲೆ ಪೇರಿಸಿಕೊಂಡಳು. "ಬನ್ರೋ," ಎಂದಳು ಬಾಗಿಲ ಕಡೆಗೆ. ಮಕ್ಕಳು ಅಳುಕುತ್ತಾ ಬಂದು ಅಭ್ಯಾಸಬಲದಿಂದ ನೆಲದ ಮೇಲೆ ಕೂರಲು ಹೋದರು. "ಅಲ್ಲಿ ಅಲ್ಲ! ಮೇಲೆ!" ಬೆಂಚಿನ ಮಕ್ಕಳು ಸರಿದರು. ಸತ್ಯ ಹೇಳಿದ್ದ ಹುಡುಗ ಎಲ್ಲರಿಗಿಂತ ಮೊದಲು ಸರಿದ. ಗಿಲಕಿ ಅವನ ಪಕ್ಕ ಕೂತಳು. ಟ್ಯಾಬ್ಲೆಟ್ಟನ್ನು ಹಿಡಿದು ಫ್ರಾಕಿನ ಅಂಚಿಗೆ ಕೈ ಹಾಕಿದಳು.

"ಒರೆಸಬೇಡ," ಎಂದಳು ಆಯಾ. "ಒತ್ತು."

ಹನ್ನೊಂದು ಬೆರಳು ಒತ್ತಿದವು. ಹನ್ನೊಂದು ಕಪ್ಪೆ ಜಿಗಿದವು. ಬುಟ್ಟಿಗಳು ಬಂದವು, ಸೇಬುಗಳು ಬಂದವು. ಸ್ಕ್ರೂ ಬಿಚ್ಚಿ ಪಳಗಿದ ಬೆರಳುಗಳಿಗೆ ಗಾಜಿನ ಮೇಲೆ ಎಳೆಯುವುದು ಹೊಸದು. ಸೇಬು ಅರ್ಧ ದಾರಿಯಲ್ಲೇ ಜಾರಿ ಬಿತ್ತು. ಎಲ್ಲರದೂ.

"ಅಯ್ಯೋ! ತಪ್ಪಾಯ್ತು ಪುಟಾಣಿ!" ಎಂದು ಹನ್ನೊಂದು ಕಪ್ಪೆಗಳು ಒಟ್ಟಿಗೆ ಅಳತೊಡಗಿದವು.

ಅಧಿಕಾರಿಯ ಕೈಯಲ್ಲಿದ್ದ ದೊಡ್ಡ ಟ್ಯಾಬ್ಲೆಟ್ಟು ಟಿಣ್ ಎಂದಿತು. ಒಂದು ಹಸಿರು ಚುಕ್ಕಿ ಕೆಂಪಾಯಿತು. ಮತ್ತೆ ಟಿಣ್. ಇನ್ನೊಂದು. "ನಿಲ್ಸಿ! ನಿಲ್ಸಿ ಅದನ್ನ!" ಎಂದು ಅವರು ಕೂಗಿದರು. ಹೆಡ್ ಮೇಡಂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಬಾಯಿ ತೆರೆದರು. "ಹೌದು ಮೇಡಂ" ಮಾತ್ರ ಹೊರಗೆ ಬರಲಿಲ್ಲ.

ಮಕ್ಕಳು ಬೆದರಿ ಆಯಾಳ ಮುಖ ನೋಡಿದರು. ಎಲ್ಲಿ ಸ್ಯಾನಿಟೈಸರ್ ಬರುತ್ತದೋ ಎಂದು ಬೆರಳು ಮಡಚಿಕೊಂಡರು.

"ತಪ್ಪಾಯ್ತಾ? ಆಗಲಿ," ಎಂದಳು ಆಯಾ. ಅವಳೂ ಬೆಂಚಿನ ತುದಿಯಲ್ಲಿ ಕೂತಳು. ಆ ಶಾಲೆಯ ಬೆಂಚಿನ ಬಳಿ ಒರೆಸುವುದಕ್ಕಲ್ಲದೆ ಅವಳು ಬಂದದ್ದು ಅದೇ ಮೊದಲು. "ಇಷ್ಟು ದಿನ ನಿಮ್ಮ ತಪ್ಪನ್ನೂ ನಾನೇ ಮಾಡ್ತಿದ್ದೆ. ಇನ್ಮೇಲೆ ನಿಮ್ಮದು ನೀವೇ ಮಾಡ್ಕೊಳ್ಳಿ."

ಗಿಲಕಿ ಮುಷ್ಟಿ ಬಿಚ್ಚಿದಳು. ಗಾಯ ಒಣಗಿದ ಬೆರಳನ್ನು ಸೇಬಿನ ಮೇಲಿಟ್ಟು ಎಳೆದಳು. ಮತ್ತೆ ಬಿತ್ತು. ಕಪ್ಪೆ ಮತ್ತೆ ಅತ್ತಿತು. ಅಧಿಕಾರಿಯ ಟ್ಯಾಬ್ಲೆಟ್ಟು ಮತ್ತೆ ಟಿಣ್ ಎಂದಿತು.

"ಥೂ, ಸುಮ್ನಿರೋ ಕಪ್ಪೆ, ಯಾಕೆ ಹಾಗೆ ಬಡ್ಕೋತೀಯ," ಎಂದಳು ಗಿಲಕಿ. "ಇನ್ನೂ ಮೂವತ್ತೊಂಬತ್ತು ನಿಮಿಷ ಇದೆ."